ಹಳದಿ ಹಾಳೆ ಇಲ್ಲದ ಮುಖ

ಜನವರಿ ೯

ಯಾರ ಮೇಲೂ ಕೂಗಾಡಬೇಡಿ ಎಂದಿದ್ದಾರೆ ಡಾಕ್ಟರು. ರಕ್ತದೊತ್ತಡವಂತೆ. ಮನಸ್ಸಿಗೆ ಬಂದದ್ದನ್ನು ಬರೆದಿಡಿ, ಹಗುರಾಗುತ್ತದೆ ಎಂದರು. ಸರಿ, ಇಲ್ಲೇ ಕೂಗಾಡುತ್ತೇನೆ.

ಈ ಚಳಿಗಾಲಕ್ಕೆ ಟಿ.ವಿ.ಯಲ್ಲಿ ಸಮುರಾಯಿಗಳ ಅನಿಮೇಷನ್ ಸರಣಿ ಮೂರು ಶುರುವಾಗಿವೆ. ಒಂದರಲ್ಲಿ ಕಾಳಗ ಬಂತೆಂದರೆ ಕ್ಯಾಮೆರಾ ಬುಗುರಿಯ ಹಾಗೆ ಸುತ್ತುತ್ತದೆ. ಯಾರು ಯಾರಿಗೆ ಹೊಡೆದರೆಂದು ಬರೆದವನಿಗಾದರೂ ಗೊತ್ತೋ ಇಲ್ಲವೋ. ಇನ್ನೊಂದರಲ್ಲಿ ಕಿಡಿ, ಹೊಗೆ, ನೀಲಿ ಬೆಳಕು. ಅದೆಲ್ಲ ಸರಿದ ಮೇಲೆ ನೋಡಿದರೆ ಇಬ್ಬರೂ ಮೊದಲು ನಿಂತಲ್ಲೇ ನಿಂತಿರುತ್ತಾರೆ. ಚಿತ್ರ ಬರೆಯಲು ಬಾರದವರು ಕಣ್ಣಿಗೆ ಮಣ್ಣೆರಚುವುದು ಹೀಗೆ. ಮೂರನೆಯದು ನಮ್ಮ ಸ್ಟುಡಿಯೋದ್ದು. ಅದು ಅಷ್ಟು ಕೆಟ್ಟಿಲ್ಲ, ಏಕೆಂದರೆ ತಿದ್ದುವವಳು ನಾನು.

ನಲವತ್ತು ವರ್ಷದಿಂದ ನೆರಿಮಾ ಬಡಾವಣೆಯ ಇದೇ ಬೀದಿಯಲ್ಲಿ ಮಾಡುತ್ತಿರುವುದು ಅದನ್ನೇ. ಇತರರು ಬರೆದ ಚಿತ್ರದ ಮೇಲೆ ನನ್ನ ಹಳದಿ ಹಾಳೆ ಇಡುತ್ತೇನೆ. ಕೆಳಗಿನಿಂದ ಬೆಳಕು ಬರುವ ಮೇಜಿನ ಮೇಲೆ ಸರಿಯಾದ ಮುಖ, ಸರಿಯಾದ ಕೈ ಬರೆಯುತ್ತೇನೆ. ಮುಂದಕ್ಕೆ ಹೋಗುವುದು ಹಳದಿ ಹಾಳೆಯಲ್ಲಿ ಇರುವುದು. ಅದರ ಕೆಳಗಿರುವುದು ಸತ್ತಂತೆ. ಈಗಿನ ಪ್ರೇಕ್ಷಕರಿಗೆ ನೋಡಲು ಬರುವುದಿಲ್ಲ, ನಿಲ್ಲಿಸಲು ಮಾತ್ರ ಬರುತ್ತದೆ. ಓಡುತ್ತಿರುವುದನ್ನು ನಿಲ್ಲಿಸಿ, ಒಂದು ಸೊಟ್ಟ ಮೂಗು ಹುಡುಕಿ, ಊರಿಗೆಲ್ಲ ಹಂಚಿ ನಗುತ್ತಾರೆ. ಬಯ್ಯುವುದು ಬರೆದವರನ್ನಲ್ಲ, ತಿದ್ದಿದವರನ್ನು. ಹಮುರೊ ಇಕುಯೊ ಎಂಬ ನನ್ನ ಹೆಸರಿನ ಕೆಳಗೆ ಅಂಥ ಒಂದೇ ಒಂದು ಮೂಗು ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ. ಸಾಯುವತನಕ ಸಿಗುವುದೂ ಇಲ್ಲ.

ಇವತ್ತು ನಿರ್ದೇಶಕ ಕೊಗುರೆ ಬಂದ. ಮೂವತ್ತು ದಾಟಿದ್ದರೂ ಗಡ್ಡ ಸರಿಯಾಗಿ ಬಾರದ ಮನುಷ್ಯ. ಕೊನೆಯ ಕಂತಿನ ಕಾಳಗವನ್ನು, ಅಂದರೆ ನಾಯಕ ಸೊಹೇ ತನ್ನ ಗುರುವನ್ನೇ ಕಡಿಯುವ ಕಾಳಗವನ್ನು, ಮಿನೆಗಿಶಿ ಎಂಬ ಹುಡುಗಿಗೆ ಕೊಟ್ಟಿದ್ದಾನಂತೆ. ಇಂಟರ್ನೆಟ್ಟಿನಲ್ಲಿ ತುಂಡು ತುಂಡು ಚಿತ್ರ ಓಡಿಸಿ ಹಾಕುತ್ತಿದ್ದವಳಂತೆ.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ನಿಮಗೆ ತಿದ್ದೋ ಕೆಲ್ಸಾನೇ ರಾಶಿ ಇದೆಯಲ್ಲ."

"ನಂಗ್ಯಾಕಪ್ಪಾ ಬೇಜಾರು? ಬೇಕಾದ್ರೆ ಬೆಕ್ಕಿನ ಕೈಲಿ ಬರೆಸು. ಹೇಗಿದ್ರೂ ನನ್ನ ಹಾಳೆ ಕೆಳಗೇ ತಾನೇ ಬರೋದು."

ಕೂಗಲಿಲ್ಲ. ಡಾಕ್ಟರು ಮೆಚ್ಚಬೇಕು.

ಜನವರಿ ೧೫

ಮಿನೆಗಿಶಿ ಬಂದಳು. ತಲೆಗೂದಲು ಪಾಚಿ ಬಣ್ಣ. ಬಾಯಲ್ಲಿ ಸದಾ ಒಣ ಬೊಂಡಾಸ್ ಮೀನು; ಅಗಿಯುತ್ತಲೇ ಬರೆಯುತ್ತಾಳೆ. ನನ್ನ ಪಕ್ಕದ ಮೇಜು ಕೊಟ್ಟಿದ್ದಾರೆ. ಇಡೀ ಕೋಣೆ ಈಗ ಮೀನಿನ ದೋಣಿಯ ಹಾಗೆ ನಾರುತ್ತಿದೆ.

"ನಮಸ್ಕಾರ ಗುರುಗಳೇ!"

"ಗುರು ಗಿರು ಅನ್ಬೇಡ."

"ಸರಿ ಗುರುಗಳೇ."

"ಕತ್ತಿ ಹಿಡಿದು ಗೊತ್ತಾ ನಿಂಗೆ? ಒಂದು ಮರದ ಕತ್ತಿನಾದ್ರೂ?"

"ಊಹೂಂ. ಆದ್ರೆ ಹೊಡೆದಾಟ ಗೊತ್ತು. ನಂಗೆ ಮೂರು ಜನ ಅಣ್ಣಂದಿರು."

ಕತ್ತಿವರಸೆ ಎಂದರೆ ಅಣ್ಣಂದಿರ ಜೊತೆ ಕೊನೆಯ ಸೀಗಡಿಗೆ ಕಿತ್ತಾಡುವುದು ಎಂದುಕೊಂಡಿದ್ದಾಳೆ. ಇಂಥವರಿಗೆ ನಮ್ಮ ಕೊನೆಯ ಕಂತು.

ಜನವರಿ ೨೮

ಮಿನೆಗಿಶಿಯ ಮೊದಲ ಕಂತೆ ಬಂತು. ದೇವರೇ!

ಸೊಹೇ ಮತ್ತು ಮುದುಕ ಗುರು ನದಿಯ ಕಲ್ಲುಗಳ ಮೇಲೆ ಎದುರುಬದುರು ನಿಂತಿದ್ದಾರೆ. ನಿಂತೇ ಇದ್ದಾರೆ. ಬಸ್ಸಿಗೆ ಕಾಯುತ್ತಿದ್ದಾರೋ ಏನೋ. ಆಮೇಲೆ ಸೊಹೇ ಕತ್ತಿ ಎಳೆಯಲು ಹೋದರೆ ಅದರ ಹಿಡಿ ಅವನದೇ ತೋಳಿನ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ! ನಾಯಕನ ಕತ್ತಿ, ಬಟ್ಟೆಗೆ! ಕಿತ್ತು ಬಿಡಿಸಿಕೊಂಡು ಬೀಸುತ್ತಾನೆ. ಆ ಬೀಸುವಿಕೆಯ ನಡುವೆ ಒಂದು ಚಿತ್ರವಿದೆ. ಅದರಲ್ಲಿ ಅವನ ಮುಖ ಕಲಸಿದ ಹಿಟ್ಟು. ಒಂದು ಕಣ್ಣು ಕೆನ್ನೆಗೆ ಇಳಿದಿದೆ, ಬಾಯಿ ಕಿವಿಯ ತನಕ ಹರಿದಿದೆ, ಮೂಗು ಎಲ್ಲಿದೆಯೋ ಅವಳಿಗೇ ಗೊತ್ತು.

"ಇದೇನಿದು?" ಎಂದೆ.

"ಸೊಹೇ."

"ಸೊಹೇನಾ? ನಾನು ಯಾರೋ ಕಾಲಿಗೆ ಸಿಕ್ಕ ಕಪ್ಪೆ ಅನ್ಕೊಂಡೆ."

"ಹೆದರಿದೋನು ಚೆನ್ನಾಗಿ ಕಾಣಲ್ಲ ಗುರುಗಳೇ. ಅದೂ ಅಪ್ಪನ ಹಾಗೆ ಸಾಕಿದೋನನ್ನ ಕಡಿಯೋವಾಗ. ಓಡಿಸಿದಾಗ ಕಣ್ಣಿಗೆ ಬೀಳೋದೇ ಇಲ್ಲ ಅದು, ಬರೀ ಮೈಗೆ ತಾಗತ್ತೆ."

ಮೈಗೆ ತಾಗುತ್ತದಂತೆ. ಎಲ್ಲವನ್ನೂ ತಿದ್ದಿದೆ. ಬಟ್ಟೆ ಬಿಡಿಸಿದೆ. ಒಂದೊಂದು ಚಿತ್ರದ ಮೇಲೂ ಹಳದಿ ಹಾಳೆ ಇಟ್ಟು, ಒಂದೊಂದರಲ್ಲೂ ಸೊಹೇಯ ಮುಖ ಕೂರಿಸಿದೆ. ಯಾವುದನ್ನು ಬೇಕಾದರೂ ನಿಲ್ಲಿಸಿ ನೋಡಲಿ, ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಬಹುದು.

ಫೆಬ್ರವರಿ ೪

ಬಣ್ಣ ಹಾಕುವ ಮೊದಲು ಗೆರೆಗಳನ್ನಷ್ಟೇ ಓಡಿಸಿ ನೋಡುವುದು ರೂಢಿ. ಇವತ್ತು ನನ್ನ ತಿದ್ದುಪಡಿಗಳ ಸಮೇತ ಓಡಿಸಿದರು.

ಕೊಗುರೆ ನೋಡಿ, "ಚೆನ್ನಾಗಿದೆ ಮೇಡಂ, ತುಂಬಾ ಚೆನ್ನಾಗಿದೆ," ಎನ್ನುತ್ತ ಕತ್ತು ಕೆರೆದುಕೊಂಡ. ಅವನು ಕತ್ತು ಕೆರೆದರೆ ಏನರ್ಥವೆಂದು ಸ್ಟುಡಿಯೋದ ಗೋಡೆಗಳಿಗೂ ಗೊತ್ತು.

ಮಿನೆಗಿಶಿ ಮಾತ್ರ ಬೊಂಡಾಸ್ ಅಗಿಯುವುದನ್ನು ನಿಲ್ಲಿಸಿ, "ಸತ್ತೋಯ್ತು," ಎಂದಳು.

"ಏನು ಸತ್ತೋಯ್ತು?"

"ಕಾಳಗ. ಬೊಂಬೆ ಹಬ್ಬಕ್ಕೆ ಮೆಟ್ಟಿಲ ಮೇಲೆ ಕೂರಿಸ್ಬೋದು ಇವರಿಬ್ಬರನ್ನ."

ಎಷ್ಟು ಪೊಗರು! ನನ್ನ ಮುಖಕ್ಕೇ! ತಪ್ಪು ನನ್ನ ಚಿತ್ರಗಳದ್ದಲ್ಲ. ಅವಳು ಕೊಟ್ಟ ತಾಳವೇ ತಪ್ಪು. ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ನಿಂತಿಲ್ಲ, ಎಷ್ಟು ಬೇಗ ಹೊಡೆಯಬೇಕೋ ಅಷ್ಟು ಬೇಗ ಹೊಡೆದಿಲ್ಲ. ನಡುವಿನ ಚಿತ್ರ ತುಂಬುವವರೂ ದಂಡ. ಆ ಟಿ.ವಿ. ಪರದೆಯೂ ಹಳೆಯದು. ಬೊಂಬೆಯಂತೆ. ಬೊಂಬೆ!

ಫೆಬ್ರವರಿ ೬

ಮಧ್ಯಾಹ್ನ ಎಲ್ಲರೂ ಸೋಬಾ ಶ್ಯಾವಿಗೆ ತಿನ್ನಲು ಹೋದರು. ನನಗೆ ಹಸಿವಿರಲಿಲ್ಲ. ಅವಳ ತಾಳ ತಪ್ಪೆಂದು ಸಾಬೀತುಮಾಡಲು ಅವಳ ಮೂಲ ಚಿತ್ರಗಳನ್ನಷ್ಟೇ, ಹಳದಿ ಹಾಳೆ ತೆಗೆದು, ಓಡಿಸಿ ನೋಡಿದೆ.

ಸೊಹೇ ಬೀಸಿದಾಗ ನಾನು ಹಿಂದಕ್ಕೆ ವಾಲಿದೆ. ಈ ಕುರ್ಚಿಯ ಬೆನ್ನು ಸಡಿಲವಾಗಿದೆ, ಬದಲಿಸಿ ಎಂದು ಎಷ್ಟು ಸಲ ಹೇಳಿದ್ದೇನೆ, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮತ್ತೆ ಓಡಿಸಿದೆ. ಕುರ್ಚಿ ಮತ್ತೆ ವಾಲಿತು. ಅವರೆಲ್ಲ ವಾಪಸು ಬರುವತನಕ ಕುರ್ಚಿಯನ್ನೇ ಪರೀಕ್ಷಿಸುತ್ತ ಕೂತಿದ್ದೆ.

ಫೆಬ್ರವರಿ ೯, ಭಾನುವಾರ

ಬೀಸುವಾಗ ಬಾಯಿ ಕಿವಿಗೆ ಹೋಗುವುದು ಸಾಧ್ಯವೇ ಇಲ್ಲ. ಇದನ್ನು ಅವಳಿಗೆ ತೋರಿಸಿಕೊಡಬೇಕೆಂದು ಅಡುಗೆಮನೆಯಲ್ಲಿದ್ದ ಉದ್ದನೆಯ ಈರುಳ್ಳಿ ಗಿಡವೊಂದನ್ನು ಕೈಗೆ ತೆಗೆದುಕೊಂಡೆ. ಸಾರಿಗೆ ಹಾಕಲು ತಂದದ್ದು. ಬಚ್ಚಲಿನ ಕನ್ನಡಿಯ ಮುಂದೆ ನಿಂತು, ಎಡ ಸೊಂಟದಿಂದ ಎಳೆದು, ಒಂದೇ ಏಟಿಗೆ ಬೀಸಿದೆ. ಏನೂ ಆಗಲಿಲ್ಲ. ನನ್ನ ಮುಖ ನನ್ನ ಮುಖವೇ.

ಮನಸ್ಸಿಲ್ಲದೆ ಬೀಸಿದರೆ ಲೆಕ್ಕಕ್ಕಿಲ್ಲ ಎಂದು, ಈ ಸಲ ಎದುರಿಗೆ ನಿಂತವರು ನನಗೆ ಪೆನ್ಸಿಲ್ ಹಿಡಿಯಲು ಕಲಿಸಿದ ಮೇಷ್ಟ್ರು ಎಂದುಕೊಂಡೆ. ತೀರಿಹೋಗಿ ಎಷ್ಟೋ ಕಾಲವಾಯಿತು. ಬೀಸಿದೆ. ಈರುಳ್ಳಿ ಮುರಿದು ಹಲ್ಲುಜ್ಜುವ ಲೋಟ ಕೆಳಗೆ ಬಿತ್ತು. ಕನ್ನಡಿಯಲ್ಲಿ ಅರೆಕ್ಷಣ ಯಾರೋ ವಿಕಾರದವಳು ಕಂಡಳು.

ವಯಸ್ಸಾಯಿತು. ಕೆನ್ನೆ ಜೋತುಬಿದ್ದಿದೆ, ಅದಕ್ಕೇ ಹಾಗೆ ಕಂಡಿದ್ದು. ಸಾರಿಗೆ ಈರುಳ್ಳಿಯಿಲ್ಲ. ಕಣ್ಣಲ್ಲಿ ನೀರು ಬಂತು. ಮುರಿದ ಈರುಳ್ಳಿಯ ಘಾಟು ಅಂಥದ್ದು.

ಫೆಬ್ರವರಿ ೧೮

ಮಿನೆಗಿಶಿ ಜೊತೆ ಜಗಳ. ಈ ಸಲ ಮುದುಕ ಗುರುವಿನ ಕಾಲು. ಹೊಡೆತ ತಪ್ಪಿಸಿಕೊಳ್ಳಲು ಅವನು ಹಿಂದಕ್ಕೆ ಸರಿಯುವಾಗ ಒದ್ದೆ ಕಲ್ಲಿನ ಮೇಲೆ ಜಾರಬೇಕು.

"ಹಿಮ್ಮಡಿ ಯಾಕೆ ಎತ್ತಿದ್ದೀಯ?"

"ಜಾರ್ತಾನಲ್ಲ ಗುರುಗಳೇ."

"ಜಾರೋಕ್ ಮುಂಚೆ ಭಾರ ಎಲ್ಲಿತ್ತು? ತೋರ್ಸು. ಎಲ್ಲೂ ಇಲ್ಲ! ಭಾರ ಇಲ್ದೋನು ಜಾರಲ್ಲ ಕಣೇ, ತೇಲ್ತಾನೆ. ನಿನ್ನ ಮುದುಕ ಬಲೂನು."

ಬಾಯಿಗೆ ಬಾಯಿ ಕೊಡುತ್ತಾಳೆಂದು ಕಾದೆ. ಅವಳು ಚಪ್ಪಲಿ ಬಿಚ್ಚಿ, ನೆಲದ ಮೇಲೆ ನಿಂತು, ಹಿಂದಕ್ಕೆ ಹೆಜ್ಜೆ ಇಟ್ಟಳು. ಮತ್ತೊಮ್ಮೆ ಇಟ್ಟಳು. "ಅಯ್ಯೋ, ಹೌದಲ್ವಾ!" ಎಂದು ನನ್ನ ತೋಳು ಹಿಡಿದುಕೊಂಡಳು. ಮೀನಿನ ಕೈ! ನಾನು ಎದ್ದು ನಿಂತು ತೋರಿಸಿದೆ. ಮುದುಕನಾಗಿ ನಾನು, ಸೊಹೇ ಆಗಿ ಅವಳು, ಕತ್ತಿಗೆ ಕೊಡೆ. ಕಾಫಿ ಯಂತ್ರದ ಹತ್ತಿರ ಇದ್ದವರು ನಗುತ್ತಿದ್ದರು. ನಗಲಿ. ಅವರು ಬರೆಯುವ ಸಮುರಾಯಿಗಳೂ ಕಾಫಿ ಕುಡಿಯುವವರ ಹಾಗೇ ನಿಲ್ಲುತ್ತಾರೆ.

ತೋಳಿನ ಬಟ್ಟೆಗೆ ಕತ್ತಿ ಸಿಕ್ಕಿಕೊಳ್ಳುವುದನ್ನು ವಾಪಸು ಹಾಕಿಸಿದೆ. ಚೆನ್ನಾಗಿದೆ ಎಂದಲ್ಲ. ಬಟ್ಟೆ ಸಿಕ್ಕುವಾಗ ಮೊಣಕೈ ಎಲ್ಲಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ, ನಾನು ಹೇಳಿಕೊಟ್ಟೆ. ಹೇಳಿಕೊಟ್ಟ ಮೇಲೆ ಬಿಸಾಡುವುದು ಯಾಕೆ.

ಫೆಬ್ರವರಿ ೨೬

ಇವತ್ತು ಒಂದೂ ಹಳದಿ ಹಾಳೆ ಬಳಸಲಿಲ್ಲ. ಮೊದಲ ಕಂತೆಯ ಮೇಲೆ ಇಟ್ಟಿದ್ದವನ್ನೂ ತೆಗೆದೆ. ಕಾಗದದ ಬೆಲೆ ಏರಿದೆ.

ಮಾರ್ಚ್ ೬

ನಿರ್ಮಾಪಕ ಓತಾಕೆ ಮೇಲಿನ ಮಹಡಿಯಿಂದ ಇಳಿದು ಬಂದ. ಅವನು ಇಳಿದನೆಂದರೆ ಯಾರಿಗೋ ಗ್ರಹಚಾರ. ಒಳ್ಳೆಯ ಸೂಟು, ಬಾಯಿ ತುಂಬ ನಗು, ಕೈಯಲ್ಲಿ ಟ್ಯಾಬ್. ಕೊನೆಯ ಕಾಳಗವನ್ನು ನನ್ನ ಮುಂದೆಯೇ ಓಡಿಸಿದ. ಓಡಿಸಿ, ಬೆರಳಿಟ್ಟು ನಿಲ್ಲಿಸಿದ. ಸರಿಯಾಗಿ ಆ ಮುಖದ ಮೇಲೆ.

"ಹಮುರೊ ಮೇಡಂ, ಇದನ್ನ ನೀವು ಗಮನಿಸಿಲ್ಲ ಅನ್ಸತ್ತೆ."

"ಗಮನಿಸಿದ್ದೀನಿ."

"ಅಯ್ಯೋ ಮೇಡಂ! ಇದು ಹೊರಗೆ ಹೋದ್ರೆ ಏನಾಗತ್ತೆ ಗೊತ್ತಲ್ಲ? ಜನ ಇಡೀ ಕಂತು ಬಿಟ್ಟು ಇದೊಂದನ್ನೇ ಹಿಡ್ಕೊತಾರೆ. ಆ ಹುಡುಗಿ ಹೆಸರು ಯಾರಿಗೂ ಬೇಕಿಲ್ಲ. ಉಗಿಯೋದು ನಿಮಗೆ. ನಿಮ್ಮ ಹೆಸರಿಗೆ ಒಂದು ಕಪ್ಪು ಚುಕ್ಕೆ ಇಲ್ಲ ಅಂತ ನಾವೆಲ್ಲ ಹೆಮ್ಮೆಯಿಂದ ಹೇಳ್ಕೊಳ್ತೀವಿ. ಒಂದೇ ಒಂದು ಹಳದಿ ಹಾಳೆ. ಅರ್ಧ ಗಂಟೆ ಕೆಲಸ."

ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ, ಅದೇ ಹೊಟ್ಟೆ ಉರಿಸಿದ್ದು. ನೋಡ್ತೀನಿ ಎಂದು ಕಳಿಸಿದೆ. ಹೋಗುವಾಗ ಬಾಗಿ ವಂದಿಸಿದ. ಕ್ಷೌರ ಹೊಸದಾಗಿ ಮಾಡಿಸಿದ್ದಾನೆ, ಕತ್ತಿನ ಹಿಂದೆ ಪುಡಿ ಇತ್ತು.

ಮಿನೆಗಿಶಿ ಎಲ್ಲ ಕೇಳಿಸಿಕೊಂಡಿದ್ದಳು. "ತಿದ್ದಿಬಿಡಿ," ಎಂದಳು. ತಲೆ ಎತ್ತಲಿಲ್ಲ. "ನಿಮಗೆ ಕೆಟ್ಟ ಹೆಸರು ಬರೋದ್ ಬೇಡ."

"ನೀನ್ಯಾರೇ ನಂಗೆ ಹೇಳೋಕೆ?" ಎಂದೆ. ಸ್ವಲ್ಪ ಕೂಗಿದೆ.

ಮಾರ್ಚ್ ೭

ಹಳದಿ ಹಾಳೆ ಇಟ್ಟು ಬರೆದೆ.

ಎಷ್ಟೋ ಕಾಲದಿಂದ ಇಂಥ ಮುಖ ನನ್ನ ಕೈಯಿಂದ ಬಂದಿರಲಿಲ್ಲ. ಸೊಹೇಯ ಹುಬ್ಬು, ಕಚ್ಚಿದ ತುಟಿ, ಹಣೆಯ ಮೇಲೆ ಹಾರಿದ ಎರಡೇ ಎರಡು ಕೂದಲು. ಅಳುತ್ತಿದ್ದಾನೋ ಇಲ್ಲವೋ ಗೊತ್ತಾಗದ ಕಣ್ಣು. ಇದನ್ನು ಯಾರಾದರೂ ನಿಲ್ಲಿಸಿ ನೋಡಿದರೆ ನಗುವುದಿರಲಿ, ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಓತಾಕೆ ಕಾಲಿಗೆ ಬೀಳುತ್ತಾನೆ.

ಹಿಂದುಮುಂದಿನ ಹಾಳೆಗಳ ನಡುವೆ ಇಟ್ಟು, ಬೆರಳಿನ ಸಂದಿನಲ್ಲಿ ಹಿಡಿದು ಪಟಪಟನೆ ತಿರುವಿದೆ. ಸೊಹೇ ಬೀಸುತ್ತ ಬಂದ, ಈ ಮುಖದ ಹತ್ತಿರ ನಿಂತು ಫೋಟೋ ತೆಗೆಸಿಕೊಂಡ, ಮುಂದೆ ಹೋದ. ಹಾಳೆ ತೆಗೆದು ತಿರುವಿದೆ. ಕಡಿದ. ಹಾಳೆ ಇಟ್ಟು ತಿರುವಿದೆ. ಫೋಟೋ. ತೆಗೆದೆ. ಕಡಿದ. ನನ್ನ ಸುಂದರವಾದ ದರಿದ್ರ ಮುಖ! ಎಷ್ಟು ವರ್ಷದಿಂದ ಎಷ್ಟು ಜನ ಸಮುರಾಯಿಗಳನ್ನು ನಡುದಾರಿಯಲ್ಲಿ ನಿಲ್ಲಿಸಿ ಫೋಟೋ ತೆಗೆಸಿದ್ದೇನೋ ನಾನು. ಸಾಕು, ಆ ಮಾತು ಬೇಡ.

ಹಾಳೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಹಾಕಿದೆ. ಚಿತ್ರಗಳ ಲಕೋಟೆಯ ಮೇಲೆ, ತಿದ್ದುಪಡಿ ಎಂಬ ಜಾಗದಲ್ಲಿ ಅಡ್ಡಗೆರೆ ಎಳೆದು, ಕೆಂಪು ಮುದ್ರೆ ಒತ್ತಿ ಕಳಿಸಿದೆ.

ಮಾರ್ಚ್ ೧೧

ಓತಾಕೆ ಮತ್ತೆ ಇಳಿದ. ಈ ಸಲ ನಗು ಇರಲಿಲ್ಲ. ಜೊತೆಗೆ ಕೊಗುರೆ, ಕತ್ತು ಕೆರೆಯುತ್ತ.

"ಹೋಗ್ಲಿ ಮೇಡಂ, ಹಾಗೇ ಬಿಡೋದಾದ್ರೆ ಬಿಡೋಣ. ಪ್ರಸಾರಕ್ಕೆ ಟೈಮೂ ಇಲ್ಲ. ಆದ್ರೆ ನಿಮ್ಮ ಹೆಸರು ತೆಗೀತೀವಿ. ಬೇರೆ ಯಾವುದಾದ್ರೂ ಸುಳ್ಳು ಹೆಸರು ಹಾಕೋಣ. ಎಲ್ಲರೂ ಮಾಡ್ತಾರೆ ಇದನ್ನ, ನಿಮಗೇ ಗೊತ್ತು. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಗೊತ್ತು. ತಾನು ತಿದ್ದಿದ್ದು ಹಾಳಾಗಿದೆ ಅನ್ನಿಸಿದರೆ ಕಂತಿನ ಕೊನೆಗೆ ಬರುವ ಹೆಸರುಗಳ ಪಟ್ಟಿಯಲ್ಲಿ ಇಲ್ಲದ ಮನುಷ್ಯನ ಹೆಸರು ಹಾಕಿಸಿಕೊಂಡು ಕೈ ತೊಳೆದುಕೊಳ್ಳುವುದು ನಮ್ಮಲ್ಲಿ ಮೊದಲಿನಿಂದ ಇದೆ. ಅಂಥವರನ್ನು ಕಂಡರೆ ನಾನು ನಮಸ್ಕಾರಕ್ಕೂ ತಲೆ ಬಗ್ಗಿಸಿದವಳಲ್ಲ.

"ನಂದು ಹಾಳಾಗಿದೆ ಅಂತ ಯಾರು ಹೇಳಿದ್ರು ನಿಂಗೆ?"

"ಮೇಡಂ, ಆ ಮುಖ—"

"ಆ ಮುಖಕ್ಕೇನಾಗಿದೆ? ಬೆರಳು ತೆಗೆದು ನೋಡಯ್ಯ! ನಿಲ್ಲಿಸಿ ನಿಲ್ಲಿಸಿ ನೋಡೋಕೆ ಅದೇನು ಪಾಸ್‌ಪೋರ್ಟ್ ಫೋಟೋನಾ? ಓಡೋದನ್ನ ನೋಡೋಕೆ ಬರಲ್ಲ ಅಂದ್ರೆ ಅಂಚೆಚೀಟಿ ಕಂಪನಿ ಇಡು, ಇಲ್ಯಾಕಿದ್ದೀಯ? ಹೆಸರು ಹಾಕು. ಹಮುರೊ ಇಕುಯೊ. ತಿದ್ದಿದವರು ಅನ್ನೋ ಕಡೆ ನನ್ನೊಬ್ಬಳದೇ. ಸಹಾಯ ಮಾಡಿದ ಬಡಪಾಯಿಗಳದ್ದೂ ಸೇರಿಸಿ ಅವರಿಗೂ ಉಗಿಸಬೇಡ."

ಇಡೀ ಸ್ಟುಡಿಯೋ ಕೇಳುವಷ್ಟು ಕೂಗಿದೆ. ಆಮೇಲೆ ಒತ್ತಡ ನೋಡಿಕೊಂಡೆ. ಸರಿಯಾಗೇ ಇತ್ತು. ಡಾಕ್ಟರಿಗೂ ಏನೂ ಗೊತ್ತಿಲ್ಲ.

ಮಾರ್ಚ್ ೨೭

ನಿನ್ನೆ ರಾತ್ರಿ ಕೊನೆಯ ಕಂತು ಪ್ರಸಾರವಾಯಿತು. ಅಂದುಕೊಂಡ ಹಾಗೇ ಆಯಿತು.

ಬೆಳಿಗ್ಗೆ ರೈಲಿನಲ್ಲಿ ಪಕ್ಕದವನ ಫೋನಿನಲ್ಲೇ ಕಂಡೆ ಆ ಮುಖವನ್ನು. ಕೆಳಗೆ ನನ್ನ ಹೆಸರು. ಹಮುರೊಗೆ ಅರಳುಮರಳು. ಹಮುರೊ ಕಣ್ಣು ಪರೀಕ್ಷೆ ಮಾಡಿಸಲಿ. ಯಾರೋ ಪುಣ್ಯಾತ್ಮ ಆ ಮುಖವನ್ನು ಅನ್ನದುಂಡೆಯ ಮೇಲೆ ಕಡಲಪಾಚಿಯಿಂದ ಅಂಟಿಸಿ, ಹಮುರೊ ಊಟ ಎಂದು ಹೆಸರಿಟ್ಟಿದ್ದಾನೆ. ಪಕ್ಕದವನು ನಗುತ್ತಿದ್ದ. ಅವನ ಪಕ್ಕದಲ್ಲೇ ಹಮುರೊ ನಿಂತಿದ್ದಾಳೆಂದು ಅವನಿಗೇನು ಗೊತ್ತು.

ಬೇಸರವಾಯಿತು. ಬರೆದೇಬಿಡುತ್ತೇನೆ, ಬೇಸರವಾಯಿತು. ಒಂದು ನಿಲ್ದಾಣ ಮೊದಲೇ ಇಳಿದು ನಡೆದು ಹೋದೆ.

ಮಾರ್ಚ್ ೨೮

ಮಿನೆಗಿಶಿ ಬಾಗಿಲಲ್ಲೇ ಕಾದಿದ್ದಳು. ಕಣ್ಣು ಊದಿಕೊಂಡಿತ್ತು. ಬಾಯಲ್ಲಿ ಬೊಂಡಾಸ್ ಇರಲಿಲ್ಲ, ಅದನ್ನು ನೋಡಿ ಗಾಬರಿಯಾಯಿತು.

"ಅದು ನಾನು ಬರೆದಿದ್ದು ಅಂತ ಹಾಕ್ತೀನಿ. ಈಗ್ಲೇ ಹಾಕ್ತೀನಿ. ನಿಮ್ಮ ತಪ್ಪಿಲ್ಲ ಅಂತ ಎಲ್ಲರಿಗೂ ಗೊತ್ತಾಗ್ಲಿ."

"ಫೋನ್ ಒಳಗಿಡು."

"ಗುರುಗಳೇ, ಬಿಡಿ, ನಂಗೇನಾಗಲ್ಲ—"

"ತಪ್ಪಂತೆ! ಯಾರೇ ತಪ್ಪು ಅಂದಿದ್ದು? ತಿದ್ದಿದವರು ಅಂತ ಯಾರ ಹೆಸರಿದೆ ಅಲ್ಲಿ? ಉಗಿಸ್ಕೊಳ್ಳೋಕೂ ಒಂದು ಯೋಗ್ಯತೆ ಬೇಕು ಕಣೇ, ನಿನಗಿನ್ನೂ ಬಂದಿಲ್ಲ. ನಿನ್ನ ಹೆಸರು ಮೊನ್ನೆ ಮೊನ್ನೆ ಹುಟ್ಟಿರೋದು, ಒಂದು ಏಟಿಗೆ ಸತ್ತೋಗತ್ತೆ. ನಂದು ಹಳೇದು, ದಪ್ಪ ಚರ್ಮ. ಹೋಗು, ಕೂತ್ಕೊಂಡು ಬರಿ. ಹೊಸ ಸರಣಿಯ ಕುದುರೆ ನೋಡಿದೆ, ಅದು ಕುದುರೆನಾ? ಆಡಿಗೆ ಜೀನು ಹಾಕಿದ್ದೀಯ."

ಮೂಗು ಒರೆಸಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಮೀನಿನ ವಾಸನೆ ಬಂತು. ಕೆಲಸ ಶುರುವಾಯಿತು.

ಸಂಜೆ ನಿಗಾತಾದಿಂದ ಅಕ್ಕ ನೊಬುಯೊ ಫೋನು ಮಾಡಿದಳು. ಅಕ್ಕನಿಗೆ ಇಂಟರ್ನೆಟ್ಟೂ ಇಲ್ಲ, ಸಮುರಾಯಿಗಳೂ ಬೇಡ. ನನ್ನ ಹೆಸರು ಬರುತ್ತದೆಂದು ರೆಕಾರ್ಡ್ ಮಾಡಿಟ್ಟು ಹಗಲು ಹೊತ್ತು ನೋಡುತ್ತಾಳೆ, ಅರ್ಧದಲ್ಲಿ ತೂಕಡಿಸುತ್ತಾಳೆ.

"ಇಕು, ಆ ಹುಡುಗ ಮುದುಕನಿಗೆ ಹೊಡೆದ್ನಲ್ಲೇ! ಅಯ್ಯಯ್ಯೋ, ನಾನು ಕಿರುಚಿಬಿಟ್ಟೆ! ಬಿಡಿಸ್ತಿದ್ದ ಕಿತ್ತಳೆಹಣ್ಣು ಕೈಯಿಂದ ಹಾರಿ ಭಾವನ ಮೇಲೆ ಬಿತ್ತು. ನಂಗೇ ಯಾರೋ ಹೊಡೆದ ಹಾಗಾಯ್ತು ನೋಡು."

"ಅವನ ಮುಖ ನೋಡಿದ್ಯಾ ಅಕ್ಕ?" ಎಂದೆ. "ಹೊಡೆಯೋವಾಗ. ಬಾಯಿ ಕಿವಿ ತನಕ ಹೋಗಿತ್ತಲ್ಲ, ಕಣ್ಣು ಕೆಳಗಿಳಿದು."

"ಯಾವ ಮುಖ?"

"ಹೊಡೆಯೋವಾಗ ಕಣೇ! ವಿಕಾರವಾಗಿತ್ತಲ್ಲ."

"ಇಲ್ವಲ್ಲ. ಎಂಥ ವಿಕಾರ? ನಂಗೆ ಹಾಗೇನೂ ಕಾಣ್ಲಿಲ್ಲಪ್ಪ. ಪಾಪ, ಆ ಹುಡುಗ ಎಷ್ಟು ಹೆದರಿದ್ದ."

ನಮ್ಮಕ್ಕ ಮೊದಲಿನಿಂದಲೂ ಪೆದ್ದಿ. ಕಣ್ಣೆದುರಿಗೆ ಇದ್ದದ್ದೂ ಕಾಣುವುದಿಲ್ಲ. ಇಂಥವರಿಗಾಗಿ ನಾವು ಕೂತು ಕೂತು ಸೊಂಟ ಮುರಿದುಕೊಳ್ಳುತ್ತೇವೆ.

ಇನ್ನೊಂದು ಸಲ ಹೇಳು ಎಂದೆ. ಫೋನು ಸರಿಯಾಗಿ ಕೇಳಿಸಿರಲಿಲ್ಲ.